ಶೆಫ್ ಭಾಷೆಯಲ್ಲಿ ಪಾಪುಟ್ಟು: ‘ಕೊಡಗು’ ಅಂತ ಅಚ್ಚಾಗಬೇಕು, ತಿನ್ನೋಕೂ ಬರಬೇಕು

ಕಾಫಿಕಣ, ಮಡಿಕೇರಿ
ಪಿಯುಸಿ ಮಕ್ಕಳಿಗೆ ಒಂದು ಸಂಜೆಯ ಕಾರ್ಯಕ್ರಮ ಇದೆ. ವಿಷಯ ಡೇವಿಡ್ ಮಾರ್ಗನ್-ಮಾರ್. ಆಸ್ಟ್ರೇಲಿಯಾದವರು, ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್‌ಡಿ. ಲೆಗೊ ಗೊಂಬೆಗಳ ಫೋಟೊ ತೆಗೆದು ‘ಇರೆಗ್ಯುಲರ್ ವೆಬ್‌ಕಾಮಿಕ್’ ಮಾಡಿದವರು, ಅದು ಶುರುವಾದದ್ದು 2002ರ ಡಿಸೆಂಬರ್ 31ಕ್ಕೆ. ಶೆಫ್, ಪೀಟ್, ಊಕ್ ಅನ್ನೋ ತಮಾಷೆಯ ಪ್ರೋಗ್ರಾಮಿಂಗ್ ಭಾಷೆಗಳೂ ಅವರದೇ.

ಶೆಫ್‌ನಲ್ಲಿ ಪ್ರೋಗ್ರಾಂ ನೋಡೋಕೆ ಅಡುಗೆ ಬರಹದ ಹಾಗೆ ಇರುತ್ತೆ. ನಮ್ಮ ಪಾಪುಟ್ಟಿನ (ಅಕ್ಕಿ ತರಿಯನ್ನ ಹಬೆಯಲ್ಲಿ ಬೇಯಿಸಿ ಮಾಡೋ ಕೊಡಗಿನ ತಿಂಡಿ) ವಿಧಾನ ಬರೆದು, ಓಡಿಸಿದಾಗ ‘ಕೊಡಗು’ ಅಂತ ಬರಬೇಕು ಅನ್ನೋದು ಯೋಜನೆ. ಅಕ್ಕಿ ತರಿ 3221 ಗ್ರಾಂ, ಹಾಲು 3274 ಗ್ರಾಂ ಅಂತ ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೇ (ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕಿರೋ ಸಂಖ್ಯೆ) ಅಳತೆಯಾಗಿ ಕೊಟ್ಟರೆ ಬರೀ 32653223… ಅಂತ ಅಂಕಿ ಬರ್ತಿದೆ. ಗ್ರಾಂ ತೆಗೆದು ಮಿಲಿ ಹಾಕಿದರೆ ಅಕ್ಷರ ಬರುತ್ತೆ, ಆದರೆ ‘ುಗಡೊಕ’ ಅಂತ. ಎಲ್ಲಿ ತಪ್ಪಿದೆ?

ಇನ್ನೊಂದು: ಮಕ್ಕಳು ಗೊಂಬೆ ಫೋಟೊಗಳ ನಾಲ್ಕು ಚೌಕದ ಕಾಮಿಕ್ ಮಾಡ್ತಾರೆ. ಮಾತಿನ ಗುಳ್ಳೆಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರ್ತಿದೆ. ಅದಕ್ಕೂ ದಾರಿ ಹೇಳಿ.

ಬೈಟ್‌ಬಿದಿರು, ಗೋಣಿಕೊಪ್ಪ
ಅಂಕಿ ಬರೋದಕ್ಕೂ ಅಕ್ಷರ ತಿರುಗೋದಕ್ಕೂ ಕಾರಣ ಭಾಷೆಯ ನಿಯಮದಲ್ಲೇ ಇದೆ ಅಕ್ಕ.

ಶೆಫ್‌ನಲ್ಲಿ ಗ್ರಾಂ, ಕೆಜಿ, ಚಿಟಿಕೆ ಅಂದರೆ ಒಣ ಪದಾರ್ಥ. ಒಣದ್ದು ಅಂಕಿಯಾಗಿ ಅಚ್ಚಾಗುತ್ತೆ. ಮಿಲಿ, ಲೀಟರ್ ಅಂದರೆ ದ್ರವ, ಅದು ಆ ಸಂಖ್ಯೆಯ ಯೂನಿಕೋಡ್ ಅಕ್ಷರವಾಗಿ ಅಚ್ಚಾಗುತ್ತೆ. ಎಲ್ಲದಕ್ಕೂ ಮಿಲಿ ಹಾಕೋದು ಬೇಕಿಲ್ಲ. ಕೊನೆಯಲ್ಲಿ ‘ಲಿಕ್ವಿಫೈ’ ಅನ್ನೋ ಆಜ್ಞೆ ಕೊಟ್ಟರೆ ಬಟ್ಟಲಲ್ಲಿರೋದು ಪೂರ್ತಿ ದ್ರವ ಆಗುತ್ತೆ. ಅಕ್ಕಿ ತರಿಯನ್ನ ಗ್ರಾಂನಲ್ಲೇ ಬರೀರಿ.

ತಿರುಗುಮುರುಗು ಯಾಕೆ ಅಂದರೆ, ಮಿಕ್ಸಿಂಗ್ ಬೌಲ್ ಅಂದರೆ ಸ್ಟಾಕ್. ಮೊದಲು ಹಾಕಿದ್ದು ತಳದಲ್ಲಿ, ಕೊನೆಗೆ ಹಾಕಿದ್ದು ಮೇಲೆ. ‘ಪೋರ್’ ಅಂದಾಗ ಅದೇ ಕ್ರಮದಲ್ಲಿ ಬೇಕಿಂಗ್ ಡಿಶ್‌ಗೆ ನಕಲಾಗುತ್ತೆ, ‘ಸರ್ವ್ಸ್’ ಅಂದಾಗ ಮೇಲಿನಿಂದ ಕೆಳಕ್ಕೆ ಅಚ್ಚಾಗುತ್ತೆ. ಹಾಗಾಗಿ ಪದದ ಕೊನೆಯ ಅಕ್ಷರವನ್ನ ಮೊದಲು ಹಾಕಬೇಕು.

ಮುಗಿಲುಪೇಟೆ, ಮಡಿಕೇರಿ
ಆ ‘ುಗಡೊಕ’ವನ್ನ ಮಕ್ಕಳಿಗೆ ಹಾಗೇ ತೋರಿಸಿ, ಅಳಿಸಬೇಡಿ. ‘ಕೊಡಗು’ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಐದು ಸಂಕೇತ: ಕ 3221, ೊ 3274, ಡ 3233, ಗ 3223, ು 3265. ತಿರುಗಿಸಿದಾಗ ಕೊಂಬು ಮೊದಲು ಬಂತು. ಹಿಡ್ಕೊಳ್ಳೋಕೆ ವ್ಯಂಜನ ಇಲ್ಲದೆ ಒಂಟಿ ಆಯ್ತು. ‘ಕ’ಗೆ ಸೇರಬೇಕಿದ್ದ ಒತ್ವ ಹೋಗಿ ‘ಡ’ಗೆ ಅಂಟಿಕೊಂಡು ‘ಡೊ’ ಆಯ್ತು. ಗುಣಿತಾಕ್ಷರ ಯೂನಿಕೋಡ್‌ನಲ್ಲಿ ಹೇಗೆ ಕೂತಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ತೊರೆನೂರುತಿಟ್ಟು
ಕಡ್ಡಿ ಗೊಂಬೆಗಳ ಚಿತ್ರ ಬರೆಯೋರು ಇವರೇ ಅಲ್ವಾ? ನಾಸಾದಲ್ಲಿ ಇದ್ದೋರು?

ಬೈಟ್‌ಬಿದಿರು, ಗೋಣಿಕೊಪ್ಪ
ಅಲ್ಲ. ಅವರು ಎಕ್ಸ್‌ಕೆಸಿಡಿಯ ರ‍್ಯಾಂಡಲ್ ಮನ್ರೋ, ಅಮೆರಿಕದವರು. ಭೌತಶಾಸ್ತ್ರ ಓದಿ ನಾಸಾದ ಲ್ಯಾಂಗ್ಲಿಯಲ್ಲಿ ಕೆಲಸ ಮಾಡಿದ್ದರು, ಕಾಮಿಕ್ ಶುರು ಮಾಡಿದ್ದು 2005ರಲ್ಲಿ. ಮಾರ್ಗನ್-ಮಾರ್ ಅವರದ್ದು ಲೆಗೊ ಫೋಟೊ, ಅದು ಇದಕ್ಕಿಂತ ಸುಮಾರು ಮೂರು ವರ್ಷ ಮೊದಲು ಶುರುವಾದದ್ದು.

ಪುಟ್ಟುಪಾತ್ರೆ, ವಿರಾಜಪೇಟೆ
ಪ್ರೋಗ್ರಾಂ ವಿಷಯ ನಂತರ. ಮೂರೂಕಾಲು ಕೆಜಿ ತರಿ, ಅದಕ್ಕೆ ಮೂರೂಕಾಲು ಲೀಟರ್ ತುಪ್ಪ ಅಂತ ಬರೆದರೆ ಅದನ್ನ ಪಾಪುಟ್ಟು ಅನ್ನಬೇಡಿ. ಶೆಫ್‌ನ ವಿನ್ಯಾಸ ತತ್ವದಲ್ಲೇ ಇದೆ: ಪಾಕವಿಧಾನದಿಂದ ಸರಿಯಾದ ಉತ್ತರ ಬಂದರೆ ಸಾಲದು, ಸುಲಭವಾಗಿ ಮಾಡೋ ಹಾಗಿರಬೇಕು, ರುಚಿಯಾಗಿರಬೇಕು. ಆ ಒಂದು ಸಾಲನ್ನ ಬಿಟ್ಟರೆ ಶೆಫ್‌ನಲ್ಲಿ ಬರೆಯೋ ಅರ್ಥವೇ ಇಲ್ಲ.

ಬೈಟ್‌ಬಿದಿರು, ಗೋಣಿಕೊಪ್ಪ
ಒಪ್ಪಿದೆ. ಹಾಗಾದರೆ ಲೆಕ್ಕ ಹಾಕೋಣ. ಕನ್ನಡದ ಯೂನಿಕೋಡ್ ವಲಯ 3200ರಿಂದ 3327. ಐದು ಸಂಖ್ಯೆಗೂ 3200 ಸಾಮಾನ್ಯ. 400 ಗ್ರಾಂ ತರಿ, 8 ಚಿಟಿಕೆ ಉಪ್ಪು. ಶೆಫ್‌ನ ‘ಕಂಬೈನ್’ ಅಂದರೆ ಗುಣಾಕಾರ. 400 × 8 = 3200. ಮಿಕ್ಕಿದ್ದು 21, 74, 33, 23, 65. 74 ಗ್ರಾಂ ತೆಂಗಿನ ತುರಿ, 65 ಗ್ರಾಂ ಸಕ್ಕರೆ, 33 ಗ್ರಾಂ ಗೋಡಂಬಿ, 23 ಗ್ರಾಂ ದ್ರಾಕ್ಷಿ, 21 ಗ್ರಾಂ ತುಪ್ಪ. ಆಗ್ಲಾ?

ಪುಟ್ಟುಪಾತ್ರೆ, ವಿರಾಜಪೇಟೆ
ಆಗಲ್ಲ. ಪಾಪುಟ್ಟನ್ನ ಕೋಳಿ ಸಾರಿನ ಜೊತೆ ತಿಂತೀವಿ. 400 ಗ್ರಾಂ ತರಿಗೆ 65 ಗ್ರಾಂ ಸಕ್ಕರೆ, ಮೇಲೆ ದ್ರಾಕ್ಷಿ ಗೋಡಂಬಿ ಹಾಕಿದರೆ ಅದು ಸಿಹಿತಿಂಡಿ. ತರಿ, ಹಾಲು, ನೀರು, ತೆಂಗಿನ ತುರಿ, ಉಪ್ಪು, ಇಷ್ಟ ಇದ್ದರೆ ಒಂದು ಚೂರು ಸಕ್ಕರೆ. ಅಷ್ಟೇ.

ಸಂಪಾಜೆಘಾಟಿ
ನಮ್ಮ ಕಡೆ ಸಿಹಿ ಮಾಡೋರೂ ಇದ್ದಾರೆ ಮಾರಾಯ್ರೆ. ಏಲಕ್ಕಿ ಹಾಕ್ತಾರೆ.

ಪುಟ್ಟುಪಾತ್ರೆ, ವಿರಾಜಪೇಟೆ
ಏಲಕ್ಕಿ ಒಂದು ಕಾಯಿ ಆದರೆ ಜಗಳ ಇಲ್ಲ. ದ್ರಾಕ್ಷಿ ಬೇಡ.

ಮುಗಿಲುಪೇಟೆ, ಮಡಿಕೇರಿ
ಕೂಡೋದರ ಜೊತೆ ಕಳೆಯೋದನ್ನೂ ಬಳಸಿದರೆ ಎಲ್ಲ ಸರಿಹೋಗುತ್ತೆ. ‘ಆ್ಯಡ್’ ಅಂದರೆ ಕೂಡು, ‘ರಿಮೂವ್’ ಅಂದರೆ ಕಳೆ. ತರಿಯನ್ನ 404 ಗ್ರಾಂ ಮಾಡಿ. 404 × 8 = 3232. ಈಗ ನೋಡಿ:

ತಟ್ಟೆಗೆ ಸವರೋ ತುಪ್ಪ 11 ಗ್ರಾಂ: 3232 − 11 = 3221, ಕ.
ಹಿಟ್ಟಿಗೆ ಸೇರಿಸೋ ತೆಂಗಿನ ತುರಿ 42 ಗ್ರಾಂ: 3232 + 42 = 3274, ೊ.
ಏಲಕ್ಕಿ 1: 3233, ಡ.
ಸಕ್ಕರೆ 9 ಗ್ರಾಂ: 3232 − 9 = 3223, ಗ.
ಮೇಲೆ ಉದುರಿಸೋ ತುರಿ 33 ಗ್ರಾಂ: 3265, ು.

ತುರಿಯನ್ನ ಎರಡು ಬೇರೆ ಹೆಸರಲ್ಲಿ ಬರೀಬೇಕು. ಒಂದೇ ಹೆಸರು ಎರಡು ಸಲ ಬಂದರೆ ಎರಡನೆಯದು ಮೊದಲನೆಯದನ್ನ ಅಳಿಸುತ್ತೆ. ಅಳತೆ ಪೂರ್ಣಾಂಕವೇ ಆಗಿರಲಿ, ಅರ್ಧ ಕಪ್ ಅಂತ ಬರೆಯೋಕಾಗಲ್ಲ.

ಪುಟ್ಟುಪಾತ್ರೆ, ವಿರಾಜಪೇಟೆ
9 ಗ್ರಾಂ ಸಕ್ಕರೆ, ಒಟ್ಟು 75 ಗ್ರಾಂ ತುರಿ, 11 ಗ್ರಾಂ ತುಪ್ಪ. ಇದು ಪಾಪುಟ್ಟು. ಹಾಲು 500 ಮಿಲಿ, ನೀರು 500 ಮಿಲಿ ಸೇರಿಸಿ. ತರಿಯನ್ನ ಅದರಲ್ಲಿ ಅರ್ಧ ಗಂಟೆ ನೆನೆಯೋಕೆ ಬಿಡಬೇಕು. ತಟ್ಟೆಗೆ ಹುಯ್ಯೋ ಮೊದಲು ತಳದಿಂದ ಚೆನ್ನಾಗಿ ಕಲಕಿ. ತರಿ ತಳಕ್ಕೆ ಕೂತಿರುತ್ತೆ, ಕಲಕದೆ ಹುಯ್ದರೆ ಮೇಲೆ ಹಾಲಿನ ಪದರ, ಕೆಳಗೆ ಕಲ್ಲು. ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕಿಂತ ಜಾಸ್ತಿ ಬೇಡ. 20ರಿಂದ 25 ನಿಮಿಷ ಹಬೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಬೆನೀರು ತೊಟ್ಟಿಕ್ಕಿ ಮೇಲ್ಮೈ ಗುಳಿ ಬೀಳುತ್ತೆ. ತರಿ ಇಡ್ಲಿ ರವೆಯಷ್ಟು ಸಣ್ಣ ಆದರೆ ಅಂಟುತ್ತೆ.

ಕಾಫಿಕಣ, ಮಡಿಕೇರಿ
ಹಾಲು ನೀರನ್ನ ಪ್ರೋಗ್ರಾಂನಲ್ಲಿ ಎಲ್ಲಿ ಇಡೋದು? ಅದು ಬಟ್ಟಲಿಗೆ ಬಂದರೆ 500ನೇ ಅಕ್ಷರ ಅಚ್ಚಾಗುತ್ತಲ್ಲ?

ಬೈಟ್‌ಬಿದಿರು, ಗೋಣಿಕೊಪ್ಪ
ಎರಡನೇ ಬಟ್ಟಲಿಗೆ ಹಾಕಿ. ಅದನ್ನ ಬೇಕಿಂಗ್ ಡಿಶ್‌ಗೆ ಹುಯ್ಯದಿದ್ದರೆ ಏನೂ ಅಚ್ಚಾಗಲ್ಲ. ಆದರೆ ಒಂದು ಎಚ್ಚರ: ಒಂದಕ್ಕಿಂತ ಹೆಚ್ಚು ಬಟ್ಟಲು ಬಂದ ಕೂಡಲೇ ಪ್ರತಿ ಸಾಲಲ್ಲೂ ಎಷ್ಟನೇ ಬಟ್ಟಲು ಅಂತ ಹೇಳಲೇಬೇಕು. ಅದೂ ಅಂಕಿಯಲ್ಲಿ, 1ರ ಪಕ್ಕ ಎಸ್‌ಟಿ, 2ರ ಪಕ್ಕ ಎನ್‌ಡಿ. ಅಕ್ಷರದಲ್ಲಿ ‘ಫಸ್ಟ್’ ಅಂತ ಬರೆದರೆ ನಿಯಮಕ್ಕೆ ಹೊಂದಲ್ಲ.

ಕ್ರಮ ಹೀಗಿರಲಿ, ಆಜ್ಞೆಗಳು ಇಂಗ್ಲಿಷ್‌ನಲ್ಲೇ ಇರಬೇಕು. ಹಾಲು, ನೀರು 2ನೇ ಬಟ್ಟಲಿಗೆ ಪುಟ್. ತರಿ 1ನೇ ಬಟ್ಟಲಿಗೆ ಪುಟ್, ಉಪ್ಪು ಕಂಬೈನ್, ತುಪ್ಪ ರಿಮೂವ್. ಅಲ್ಲಿಗೆ ಕ ಸಿದ್ಧ. ಮತ್ತೆ ತರಿ ಪುಟ್, ಉಪ್ಪು ಕಂಬೈನ್, ಮುಂದಿನದು. ಕೊನೆಗೆ ಲಿಕ್ವಿಫೈ, ಪೋರ್, ಸರ್ವ್ಸ್ 1. ಅಕ್ಷರಗಳನ್ನ ಹಿಂದಿನಿಂದ ಮುಂದಕ್ಕೆ ಹಾಕಿ, ‘ು’ ಮೊದಲು.

ಮುಗಿಲುಪೇಟೆ, ಮಡಿಕೇರಿ
ಇದು ಎಲ್ಲ ಇಂಟರ್‌ಪ್ರಿಟರ್‌ನಲ್ಲೂ ಓಡುತ್ತೆ ಅನ್ನೋ ಖಾತರಿ ಇಲ್ಲ ಅಣ್ಣ (ಇಂಟರ್‌ಪ್ರಿಟರ್ ಅಂದರೆ ಪ್ರೋಗ್ರಾಂ ಓದಿ ಓಡಿಸೋ ತಂತ್ರಾಂಶ). ನಿಯಮದ ವಾಕ್ಯ ನೋಡಿ: ಪದಾರ್ಥದ ಬೆಲೆಯನ್ನ ಬಟ್ಟಲ ಮೇಲಿನ ಬೆಲೆಗೆ ಕೂಡಿ, ಉತ್ತರವನ್ನ ಬಟ್ಟಲಲ್ಲಿ ಇಡು. ಮೇಲಿದ್ದ ಹಳೇ ಬೆಲೆಯನ್ನ ತೆಗೆದು ಅಲ್ಲಿ ಉತ್ತರ ಇಡೋದಾ, ಹಳೇದರ ಮೇಲೆ ಹೊಸದನ್ನ ಇಡೋದಾ? ಎರಡು ರೀತಿಯಲ್ಲೂ ಓದಬಹುದು. ಎರಡನೇ ರೀತಿ ಮಾಡೋ ಇಂಟರ್‌ಪ್ರಿಟರ್ ಆದರೆ 404, 3232, 3221 ಮೂರೂ ಬಟ್ಟಲಲ್ಲಿ ಉಳಿದು ಮಧ್ಯೆ ಮಧ್ಯೆ ಬೇಡದ ಅಕ್ಷರ ಬರುತ್ತೆ.

ಎರಡಕ್ಕೂ ಒಗ್ಗೋ ದಾರಿ ‘ಫೋಲ್ಡ್’. ಅದು ಬಟ್ಟಲ ಮೇಲಿನದನ್ನ ತೆಗೆದು ಪದಾರ್ಥದೊಳಗೆ ಇಡುತ್ತೆ. ತರಿ ಪುಟ್, ಉಪ್ಪು ಕಂಬೈನ್, ತರಿ ಫೋಲ್ಡ್. ಈಗ ತರಿಯ ಬೆಲೆ 3232. ಆಮೇಲೆ ತರಿ ಪುಟ್, ತುಪ್ಪ ರಿಮೂವ್, ತುಪ್ಪ ಫೋಲ್ಡ್. ತುಪ್ಪ 3221 ಆಯ್ತು. ಉಳಿದ ನಾಲ್ಕಕ್ಕೂ ಹೀಗೇ. ನಂತರ 1ನೇ ಬಟ್ಟಲನ್ನ ಒಂದು ಸಲ ‘ಕ್ಲೀನ್’ ಮಾಡಿ, ಉಳಿಕೆ ಏನಿದ್ದರೂ ಹೋಗುತ್ತೆ. ಕೊನೆಗೆ ಮೇಲಿನ ತುರಿ, ಸಕ್ಕರೆ, ಏಲಕ್ಕಿ, ಹಿಟ್ಟಿನ ತುರಿ, ತುಪ್ಪ, ಈ ಕ್ರಮದಲ್ಲಿ ಪುಟ್.

ಪುಟ್ಟುಪಾತ್ರೆ, ವಿರಾಜಪೇಟೆ
ಇದೇ ವಾಸಿ. ಉಪ್ಪು ಒಂದೇ ಸಲ ಬೀಳುತ್ತೆ. ಹಿಂದಿನದರಲ್ಲಿ ಐದು ಸಲ ಉಪ್ಪು ಹಾಕಿ ಅಂತ ಇತ್ತು, ಅದನ್ನ ಓದಿ ಯಾರಾದರೂ ಮಾಡಿದರೆ ಬಾಯಿಗೆ ಇಡೋಕಾಗಲ್ಲ.

ತೊರೆನೂರುತಿಟ್ಟು
ಹಬೆಯಲ್ಲಿ ಬೇಯಿಸೋ ಮಾತು ಎಲ್ಲಿ ಬರೆಯೋದು? ಶೆಫ್‌ನಲ್ಲಿ ಬರೀ ಓವನ್ ಇದೆ ಅಲ್ವಾ?

ಬೈಟ್‌ಬಿದಿರು, ಗೋಣಿಕೊಪ್ಪ
ಓವನ್ ಸಾಲು ಐಚ್ಛಿಕ, ಬಿಟ್ಟುಬಿಡಿ. ಶೀರ್ಷಿಕೆ ಆದ ಮೇಲೆ ಒಂದು ಖಾಲಿ ಸಾಲು ಬಿಟ್ಟು ಟಿಪ್ಪಣಿ ಬರೆಯಬಹುದು, ಇಂಟರ್‌ಪ್ರಿಟರ್ ಅದನ್ನ ಓದಲ್ಲ. ನೆನೆಸೋದು, ಕಲಕೋದು, ಬಟ್ಟೆ ಕಟ್ಟೋದು ಎಲ್ಲ ಅಲ್ಲಿ ಕನ್ನಡದಲ್ಲೇ ಬರೀರಿ. ಶೀರ್ಷಿಕೆಯ ಕೊನೆಗೆ, ಪದಾರ್ಥಗಳ ತಲೆಬರಹಕ್ಕೆ, ವಿಧಾನದ ತಲೆಬರಹಕ್ಕೆ ಪೂರ್ಣವಿರಾಮ ಮರೀಬೇಡಿ, ಭಾಗಗಳ ನಡುವಿನ ಖಾಲಿ ಸಾಲೂ ಇರಲೇಬೇಕು. ಪ್ರೋಗ್ರಾಂ ಓಡದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಾರಂಗಿದಂಡೆ, ಕುಶಾಲನಗರ
ಕನ್ನಡ ಅಕ್ಷರಕ್ಕೆ ಇನ್ನೊಂದು ಅಡ್ಡಿ ಇದೆ. ಇಂಟರ್‌ಪ್ರಿಟರ್ ಪೈಥಾನ್ 2ರಲ್ಲಿ ಬರೆದದ್ದಾಗಿ, ಅಕ್ಷರಕ್ಕೆ ‘ಸಿಎಚ್‌ಆರ್’ ಬಳಸಿದ್ದರೆ 255 ದಾಟಿದ ಕೂಡಲೇ ದೋಷ ತೋರಿಸಿ ನಿಲ್ಲುತ್ತೆ. ಪೈಥಾನ್ 3ರಲ್ಲಿ ತೊಂದರೆ ಇಲ್ಲ. ಸಿ ಭಾಷೆಯ ‘ಪುಟ್‌ಚಾರ್’ ಬಳಸಿದ್ದರೆ ದೋಷ ತೋರಿಸದೆ ಕೆಳಗಿನ ಒಂದು ಬೈಟ್ (0ರಿಂದ 255ರ ಒಳಗಿನ ಸಂಖ್ಯೆ) ಮಾತ್ರ ಕಳಿಸುತ್ತೆ. 3221 ಹೋಗಿ 149 ಆಗುತ್ತೆ, ಪರದೆಯ ಮೇಲೆ ಒಂದು ಪ್ರಶ್ನೆಚಿಹ್ನೆ ಬರುತ್ತೆ.

ಸಂಪಾಜೆಘಾಟಿ
ಪಿಎಚ್‌ಡಿ ಮಾಡಿದೋರು ವಿಜ್ಞಾನ ಬಿಟ್ಟು ಇದರಲ್ಲಿ ಯಾಕೆ ಹೊತ್ತು ಕಳೀಬೇಕು ಅನ್ನೋದೇ ನನಗೆ ಅರ್ಥ ಆಗಲ್ಲ. ಮಕ್ಕಳಿಗೂ ಅದನ್ನೇ ಹೇಳಿಕೊಡಬೇಕಾ?

ಮುಗಿಲುಪೇಟೆ, ಮಡಿಕೇರಿ
ವಿಜ್ಞಾನ ಬಿಟ್ಟಿಲ್ಲ ಅವರು. ಕಾಮಿಕ್‌ನ ಕೆಳಗೆ ಟಿಪ್ಪಣಿ ಬರೀತಾರೆ, ಬೆಳಕು, ಗ್ರಹ, ಬಣ್ಣ, ಗಣಿತ, ಇತಿಹಾಸ. ಎಷ್ಟೋ ಕಡೆ ಕಾಮಿಕ್‌ಗಿಂತ ಟಿಪ್ಪಣಿ ಉದ್ದ. ಭೂಮಿ ಗೋಳ ಅನ್ನೋದಕ್ಕೆ 100 ಪುರಾವೆ ಅಂತ ಇನ್ನೊಂದು ಬರವಣಿಗೆ ಇದೆ, ಒಂದೊಂದು ಪುರಾವೆಯನ್ನೂ ಬಿಡಿಸಿ ಹೇಳ್ತಾರೆ. ಇದೇ ಎಳೆಯನ್ನ ಮತ್ತೆ ಮೇಲಿಂದ ಓದಿ: ಸ್ಟಾಕ್, ಯೂನಿಕೋಡ್, ಬೈಟ್, ನಿಯಮದ ವಾಕ್ಯವನ್ನ ಎರಡು ರೀತಿ ಓದಿದರೆ ಏನಾಗುತ್ತೆ, ಎಲ್ಲ ಬಂತು. ಒಂದು ತಟ್ಟೆ ಪಾಪುಟ್ಟಿನಿಂದ.

ಹಾರಂಗಿದಂಡೆ, ಕುಶಾಲನಗರ
ಗೋಳದ ಮಾತು ಬಂದದ್ದಕ್ಕೆ: ಮಾರ್ಚ್ 20ರ ಹೊತ್ತಿಗೆ ಮಡಿಕೇರಿಯಲ್ಲಿ ಒಂದು ಮೀಟರ್ ಕೋಲನ್ನ ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಸುಮಾರು 12 ಗಂಟೆ 34 ನಿಮಿಷಕ್ಕೆ ನೆರಳು ಅತಿ ಗಿಡ್ಡ, ಹೆಚ್ಚುಕಮ್ಮಿ 22 ಸೆಂಟಿಮೀಟರ್. 22ನ್ನು 100ರಿಂದ ಭಾಗಿಸಿದರೆ 0.22, ಟ್ಯಾನ್ ಬೆಲೆ ಅಷ್ಟಿರೋ ಕೋನ 12.4 ಡಿಗ್ರಿ, ಅದೇ ನಮ್ಮ ಅಕ್ಷಾಂಶ. ಕೋಲಿಗೆ ತೂಗುಗುಂಡು ಕಟ್ಟಿ ನೇರ ಇದೆಯಾ ನೋಡಬೇಕು, ಒಂದು ಡಿಗ್ರಿ ವಾಲಿದರೆ ನೆರಳು 2 ಸೆಂಟಿಮೀಟರ್ ತಪ್ಪುತ್ತೆ. ಸೆಪ್ಟೆಂಬರಿಗೂ ಮಾಡಬಹುದು, ಆದರೆ ಆಗ ಮೋಡ ಬಿಡೋದು ಕಷ್ಟ.

ಬೈಟ್‌ಬಿದಿರು, ಗೋಣಿಕೊಪ್ಪ
ಅದಕ್ಕೆ ಬೇರೆ ಎಳೆ ತೆರೀರಿ ದಯವಿಟ್ಟು. ಕಾಮಿಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಹಾರಂಗಿದಂಡೆ, ಕುಶಾಲನಗರ
ಕೊಡ್ತೀನಿ. ಒತ್ತು ಒಡೆಯೋದು ಹೆಚ್ಚಾಗಿ ತಂತ್ರಾಂಶದಿಂದ, ಫಾಂಟಿನಿಂದ ಅಲ್ಲ. ಇಂಕ್‌ಸ್ಕೇಪ್, ಗಿಂಪ್ ಎರಡರಲ್ಲೂ ಕನ್ನಡ ಸರಿಯಾಗಿ ಕೂರುತ್ತೆ. ಫೋಟೋಶಾಪ್ ಆದರೆ ಟೈಪ್ ಆಯ್ಕೆಗಳಿಗೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ. ನುಡಿಯ ಹಳೇ ಆಸ್ಕಿ ಪಠ್ಯ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ಗುಳ್ಳೆಗೆ ಬಾಲೂ ತಮ್ಮ ಫಾಂಟ್ ಚೆನ್ನಾಗಿ ಒಪ್ಪುತ್ತೆ. ಸಾಲಿನ ಅಂತರವನ್ನ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಇಂಗ್ಲಿಷ್ ಕಾಮಿಕ್‌ನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಗುಳ್ಳೆಯನ್ನ ಅಡ್ಡಕ್ಕೆ ಅಗಲ ಮಾಡಿ, ನಮ್ಮ ಪದಗಳು ಉದ್ದ.

ಫೋಟೊಗೆ: ಲೆಗೊ ಗೊಂಬೆ 4 ಸೆಂಟಿಮೀಟರ್ ಎತ್ತರ, ಹತ್ತಿರದಿಂದ ತೆಗೆದಾಗ ಮುಖ ಸ್ಪಷ್ಟ, ಭುಜ ಮಸುಕು. ದ್ಯುತಿರಂಧ್ರ ಎಫ್ 8ರಿಂದ ಎಫ್ 11, ಕ್ಯಾಮೆರಾ ಟ್ರೈಪಾಡ್ ಮೇಲೆ, ಎರಡು ಸೆಕೆಂಡ್ ಟೈಮರ್. ಗೊಂಬೆಯ ಪ್ಲಾಸ್ಟಿಕ್ ಹೊಳೆಯುತ್ತೆ, ದೀಪದ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ. ಮೊದಲ ಚೌಕಕ್ಕೆ ಕಿಟಕಿ ಬೆಳಕು, ನಂತರದ್ದಕ್ಕೆ ಟ್ಯೂಬ್‌ಲೈಟ್ ಅಂತ ಬದಲಾಯಿಸಬೇಡಿ, ಗೊಂಬೆಯ ಹಳದಿ ಮುಖ ಒಂದೊಂದು ಚೌಕದಲ್ಲಿ ಒಂದೊಂದು ಬಣ್ಣ ಆಗುತ್ತೆ. ಮಳೆಗಾಲದಲ್ಲಿ ಲೆನ್ಸನ್ನ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ, ನಮ್ಮ ಥಂಡಿಗೆ ಬೂಷ್ಟು ಬೇಗ ಹಿಡಿಯುತ್ತೆ.

ತೊರೆನೂರುತಿಟ್ಟು
ಊಕ್ ಭಾಷೆ ಬಗ್ಗೆ ಯಾರಾದರೂ ಹೇಳ್ತೀರಾ?

ಬೈಟ್‌ಬಿದಿರು, ಗೋಣಿಕೊಪ್ಪ
ಒರಾಂಗುಟಾನ್‌ಗಳಿಗೆ ಅಂತ ಮಾಡಿದ ಭಾಷೆ. ಪದ ಒಂದೇ, ‘ಊಕ್’. ಅದರ ಮುಂದೆ ಚುಕ್ಕಿ, ಪ್ರಶ್ನೆಚಿಹ್ನೆ ಅಥವಾ ಉದ್ಗಾರಚಿಹ್ನೆ. ಎರಡೆರಡು ಸೇರಿ ಒಂದು ಆಜ್ಞೆ. ಒಟ್ಟು 9 ಜೋಡಿ ಸಾಧ್ಯ, 8 ಬಳಕೆಯಲ್ಲಿ. ಯಾಕೆಂದರೆ ಇದು ಊರ್ಬಾನ್ ಮ್ಯೂಲರ್ 1993ರಲ್ಲಿ ಮಾಡಿದ 8 ಆಜ್ಞೆಗಳ ಭಾಷೆಗೆ ತೊಡಿಸಿದ ಇನ್ನೊಂದು ಅಂಗಿ. ಮಕ್ಕಳು ‘ಹೌದಾ.’ ‘ಹೌದಾ?’ ‘ಹೌದಾ!’ ಅಂತ ಕನ್ನಡ ರೂಪ ಮಾಡಬಹುದು, ಒಂದು ಗಂಟೆಯ ಕೆಲಸ. ಚಿಹ್ನೆಯನ್ನ ಪದಕ್ಕೆ ಅಂಟಿಸಿ ಬರೀಬೇಕು ಅನ್ನೋದೊಂದೇ ಷರತ್ತು.

ಮುಗಿಲುಪೇಟೆ, ಮಡಿಕೇರಿ
ಗೋಡೆಗೆ ಅಂಟಿಸೋಕೆ ಪೀಟ್ ಇಟ್ಕೊಳ್ಳಿ. ಹೆಸರು ಡಚ್ ಚಿತ್ರಕಾರ ಪೀಟ್ ಮಾಂಡ್ರಿಯಾನ್ ಅವರದ್ದು, ಪ್ರೋಗ್ರಾಂ ಅಂದರೆ ಒಂದು ಬಣ್ಣದ ಚಿತ್ರ. 20 ಬಣ್ಣ: ಕೆಂಪು, ಹಳದಿ, ಹಸಿರು, ಸಯಾನ್, ನೀಲಿ, ಮೆಜೆಂಟಾ, ಒಂದೊಂದರಲ್ಲಿ ತಿಳಿ, ಸಾದಾ, ಕಡು, ಜೊತೆಗೆ ಕಪ್ಪು ಬಿಳಿ. ಬಣ್ಣಕ್ಕೆ ಅರ್ಥ ಇಲ್ಲ, ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟೋದಕ್ಕೆ ಅರ್ಥ.

ಕಾಫಿ ಹಣ್ಣು ತಗೊಳ್ಳಿ. ಹಸಿರು, ಹಳದಿ, ಕೆಂಪು, ಮೂರೂ ಸಾದಾ ಬಣ್ಣ. ಹಸಿರಿಂದ ಹಳದಿಗೆ ಹೋಗೋದು ಮೇಲೆ ಹೇಳಿದ ಆರು ಬಣ್ಣಗಳ ಚಕ್ರದಲ್ಲಿ ಮುಂದಕ್ಕೆ 5 ಹೆಜ್ಜೆ, ಅಂದರೆ ‘ಒಂದು ಅಕ್ಷರ ಓದು’. ಹಳದಿಯಿಂದ ಕೆಂಪಿಗೂ 5 ಹೆಜ್ಜೆ, ಇನ್ನೊಂದು ಅಕ್ಷರ. ಹಣ್ಣಾಗೋ ದಿಕ್ಕಲ್ಲಿ ಬರೆದರೆ ಪ್ರೋಗ್ರಾಂ ಓದುತ್ತೆ. ಕೆಂಪಿಂದ ಹಳದಿ, ಹಸಿರಿಗೆ ತಿರುಗಿಸಿ ಬರೆದರೆ ಒಂದೊಂದು ಹೆಜ್ಜೆ, ಅಂದರೆ ಸಂಕಲನ.

ಕಾಫಿಕಣ, ಮಡಿಕೇರಿ
ಇದು ಮಕ್ಕಳಿಗೆ ತಟ್ಟನೆ ಹಿಡಿಯುತ್ತೆ! ಪೀಟ್‌ನಲ್ಲಿ ‘ಕ’ ಬರೆಯೋಕಾಗುತ್ತಾ?

ಹಾರಂಗಿದಂಡೆ, ಕುಶಾಲನಗರ
ಆಗುತ್ತೆ. ಒಂದೊಂದೇ ಬೈಟ್ ಕಳಿಸೋ ಇಂಟರ್‌ಪ್ರಿಟರ್ ಆದರೆ ‘ಕ’ ಅಂದರೆ 224, 178, 149 ಮೂರು ಬೈಟ್. ಬಣ್ಣದ ತುಂಡಿನಲ್ಲಿ ಎಷ್ಟು ಚೌಕವೋ ಅದೇ ಸಂಖ್ಯೆ, ಹಾಗಂತ 224 ಚೌಕದ ತುಂಡು ಬಿಡಿಸಬೇಡಿ. 15 × 15 − 1 ಮಾಡಿ. ತಿಳಿ ಕೆಂಪು 15 ಚೌಕ, ಅಲ್ಲಿಂದ ಕೆಂಪು (15 ಸ್ಟಾಕ್‌ಗೆ), ನೀಲಿ (ನಕಲು), ತಿಳಿ ಮೆಜೆಂಟಾ (ಗುಣಿಸು), ಮೆಜೆಂಟಾ (1 ಸ್ಟಾಕ್‌ಗೆ, ತಿಳಿ ಮೆಜೆಂಟಾ ಒಂದೇ ಚೌಕ ಇರಬೇಕು), ಕಡು ಕೆಂಪು (ಕಳೆ), ಮತ್ತೆ ಮೆಜೆಂಟಾ (ಅಕ್ಷರ ಹೊರಗೆ). 178ಕ್ಕೆ 13 × 13 + 9, 149ಕ್ಕೆ 12 × 12 + 5.

ಕೆಡೋದು ಎಲ್ಲಿ ಅಂದರೆ ಉಳಿಸುವಾಗ. ಜೆಪೆಗ್ ಆಗಿ ಉಳಿಸಿದರೆ ಅಂಚಿನ ಬಣ್ಣ ಬದಲಾಗುತ್ತೆ, ಪಟ್ಟಿಯಲ್ಲಿಲ್ಲದ ಬಣ್ಣವನ್ನ ಸಾಮಾನ್ಯವಾಗಿ ಬಿಳಿ ಅಂತ ಓದುತ್ತೆ. ಬಿಳಿ ದಾಟಿದರೆ ಆಜ್ಞೆ ನಡೆಯಲ್ಲ. ಪಿಎನ್‌ಜಿ ಆಗಿಯೇ ಉಳಿಸಿ, ಬ್ರಷ್ ಬಿಟ್ಟು ಪೆನ್ಸಿಲ್ ಬಳಸಿ. ಸೊನ್ನೆ ಬೇಕಿದ್ದರೆ ನೇರ ಹಾಕೋಕಾಗಲ್ಲ, 1 ಹಾಕಿ ‘ನಾಟ್’ ಮಾಡಿ. ನಿಲ್ಲಿಸೋಕೆ ಕೊನೆಯ ಬಣ್ಣದ ಸುತ್ತ ಕಪ್ಪು ಕಟ್ಟಿ, 8 ಸಲ ದಾರಿ ಹುಡುಕಿ ಸಿಗದಿದ್ದರೆ ಪ್ರೋಗ್ರಾಂ ಮುಗಿಯುತ್ತೆ.

ಕಾಫಿಕಣ, ಮಡಿಕೇರಿ
ಫೋಲ್ಡ್ ಹಾಕಿ ಬರೆದದ್ದು ಓಡಿತು. ಪರದೆಯ ಮೇಲೆ ‘ಕೊಡಗು’ ಅಂತ ಅಂದವಾಗಿ ಬಂತು, ಕೊಂಬು ಒತ್ವ ಎಲ್ಲ ತಮ್ಮ ಜಾಗದಲ್ಲಿ. ಎಲ್ಲರಿಗೂ ವಂದನೆ. ಪುಟ್ಟುಪಾತ್ರೆ ಅಕ್ಕ, ಈ ಅಳತೆಗೆ ಎಷ್ಟು ಜನಕ್ಕೆ ಆಗುತ್ತೆ?

ಪುಟ್ಟುಪಾತ್ರೆ, ವಿರಾಜಪೇಟೆ
ಸಾರಿನ ಜೊತೆ ನಾಲ್ಕು ಜನಕ್ಕೆ ಧಾರಾಳ. ಹಾಗಾದರೆ ‘ಸರ್ವ್ಸ್ 4’ ಅಂತ ಬರೀರಿ, 1 ಅಂತ ಸುಳ್ಳು ಬೇಡ.

ಬೈಟ್‌ಬಿದಿರು, ಗೋಣಿಕೊಪ್ಪ
ಬರೀಬಹುದು ಅಕ್ಕ. 4 ಅಂದರೆ ಮೊದಲ ನಾಲ್ಕು ಬೇಕಿಂಗ್ ಡಿಶ್‌ಗಳನ್ನ ಅಚ್ಚು ಮಾಡು ಅಂತ, ಉಳಿದ ಮೂರು ಖಾಲಿ ಇರುತ್ತೆ. ಖಾಲಿ ಡಿಶ್ ಕಂಡರೆ ಇಂಟರ್‌ಪ್ರಿಟರ್ ಸುಮ್ಮನಿರುತ್ತಾ, ದೋಷ ತೋರಿಸುತ್ತಾ ಅಂತ ಕಾರ್ಯಕ್ರಮದ ಮುಂಚೆಯೇ ಒಮ್ಮೆ ಓಡಿಸಿ ನೋಡಿಕೊಳ್ಳಿ.